ಮಮತೆಯೂ ದಯೆಯೂ

ಮಮತೆ, ದಯೆ ಎಂಬ ಎರಡು ಮಾತುಗಳನ್ನು ಲೋಕದ ಜನರು ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಸುವರು. ತಾಯಿಗೆ ಮಗುವಿನ ಮೇಲೆ ಇರುವುದು ಮಮತೆ. ಸಜ್ಜನನಿಗೆ ದೀನರ ಮೇಲೆ ಇರುವುದು ದಯೆ. ಎರಡೂ ಮನಸ್ಸಿನ ಮೃದುತ್ವದಿಂದ ಹುಟ್ಟಿದವುಗಳಾದುದರಿಂದ, ಅವುಗಳಲ್ಲಿ ಭೇದವನ್ನು ಹುಡುಕುವುದು ವೈಯಾಕರಣರಿಗೆ ಮಾತ್ರ ತಕ್ಕ ಕೆಲಸವೆಂದು ತೋರಬಹುದು. ಆದರೆ ಪದಗಳ ಹುಟ್ಟನ್ನು ನೋಡಿದರೆ ಭೇದವು ಸಣ್ಣದಲ್ಲ. 'ಮಮ' ಎಂದರೆ ನನ್ನದು. ನನ್ನದೆಂಬ ಭಾವವೇ ಮಮತೆ. ದಯೆಗೆ ಈ ಒಡೆತನದ ಹಂಗಿಲ್ಲ. ಅದು ನೋವನ್ನು ಕಂಡಲ್ಲಿ ಕರಗುವುದೇ ಹೊರತು, ನೋವು ಯಾರ ಮನೆಯದೆಂದು ಕೇಳುವುದಿಲ್ಲ. ಸುಖದ ದಿನಗಳಲ್ಲಿ ಇವೆರಡೂ ಕೈಹಿಡಿದು ನಡೆಯುವುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸುವುದು ಸುಲಭ. ಕಷ್ಟವು ಬಂದಾಗಲೇ ಒಂದು ಒಂದು ಕಡೆಗೂ ಇನ್ನೊಂದು ಮತ್ತೊಂದು ಕಡೆಗೂ ಎಳೆಯತೊಡಗುವುವು.

ಈ ಭೇದವನ್ನು ಪರೀಕ್ಷಿಸಲು ಈಚಿನ ಕಾಲದಲ್ಲಿ ಒಂದು ವಿಚಿತ್ರವಾದ ಸಂದರ್ಭವು ಒದಗಿದೆ. ಅದು ರಾಜ್ಯಗಳ ಕಲಹದಲ್ಲಿಯೂ ಅಲ್ಲ, ಮತಗಳ ವಾದದಲ್ಲಿಯೂ ಅಲ್ಲ. ಉದ್ಯಾನದ ಕೊಳದಲ್ಲಿ ಕಣ್ಣಿನ ಸಂತೋಷಕ್ಕಾಗಿ ಸಾಕುವ ಕೊಯಿ ಎಂಬ ಮೀನುಗಳಿಗೆ ತಗುಲಿದ ಒಂದು ರೋಗದಲ್ಲಿ. ವಿಷಯವು ಅಲ್ಪವೆಂದು ತೋರಿದರೂ, ಧರ್ಮದ ಸೂಕ್ಷ್ಮಗಳು ಅಲ್ಪ ವಿಷಯಗಳಲ್ಲಿಯೇ ಹೆಚ್ಚು ನಿಚ್ಚಳವಾಗಿ ಕಾಣಿಸುವುದುಂಟು.

ಜಪಾನು ದೇಶದ ನೀಗಾಟಾ ಪ್ರಾಂತದ ಬೆಟ್ಟದೂರುಗಳಲ್ಲಿ ಚಳಿಗಾಲ ಬಂದಿತೆಂದರೆ ಹಿಮವು ಬಿದ್ದು ದಾರಿಗಳೆಲ್ಲ ಮುಚ್ಚಿಹೋಗುವುವು. ಅಲ್ಲಿಯ ಬತ್ತದ ರೈತರು ಆ ತಿಂಗಳುಗಳ ಆಹಾರಕ್ಕೆಂದು, ಗದ್ದೆಗಳಿಗೆ ನೀರುಣಿಸುವ ಹೊಂಡಗಳಲ್ಲಿ ಗೆಂಡೆ ಮೀನನ್ನು ಸಾಕಿಕೊಳ್ಳುತ್ತಿದ್ದರು. ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಆ ಕಪ್ಪು ಮೀನುಗಳ ನಡುವೆ ಅಲ್ಲೊಂದು ಇಲ್ಲೊಂದು ಮೀನಿನ ಮೈಮೇಲೆ ಕೆಂಪು ಬಿಳುಪುಗಳು ಕಾಣಿಸಿಕೊಂಡುವು. ರೈತನು ಅಂಥವನ್ನು ಅಡಿಗೆಗೆ ಕಳುಹಿಸದೆ ಬೇರೆಯಾಗಿ ಇಟ್ಟುಕೊಂಡನು. ಒಂದು ತಲೆಮಾರಿನ ನೋಟದ ಹಂಬಲವು ಮುಂದಿನ ತಲೆಮಾರಿನ ಕಸುಬಾಯಿತು. ಆ ಮೀನುಗಳಿಗೆ ನಿಶಿಕಿಗೋಯಿ ಎಂಬ ಹೆಸರು ಬಂದಿತು. ನಿಶಿಕಿ ಎಂದರೆ ಬಣ್ಣಬಣ್ಣದ ಜರತಾರಿ ನೇಯ್ಗೆ. ೧೯೧೪ರಲ್ಲಿ ಟೋಕಿಯೋ ನಗರದ ಪ್ರದರ್ಶನದಲ್ಲಿ ಇವನ್ನು ಇಟ್ಟ ಬಳಿಕ ಹೊರಗಿನವರಿಗೂ ಇವುಗಳ ಪರಿಚಯವಾಯಿತು. ಇಂದು ಲೋಕದ ನಾನಾ ಭಾಗಗಳಲ್ಲಿ ಇವನ್ನು ಸಾಕುವವರಿದ್ದಾರೆ. ಅವರಿಗೆ ಸಂಘಗಳೂ ಪ್ರದರ್ಶನಗಳೂ ಇವೆ. ೨೦೧೮ರಲ್ಲಿ ಹಿರೋಷಿಮಾದ ಒಂದು ಸಾಕಣೆಯ ಕೇಂದ್ರದ ಒಂದು ಕೊಯಿ ಹರಾಜಿನಲ್ಲಿ ೨೦ ಕೋಟಿ ೩೦ ಲಕ್ಷ ಯೆನ್ನುಗಳಿಗೆ ಮಾರಿತು.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಈ ಚೆಲುವು ಪ್ರಕೃತಿಯು ತಾನಾಗಿ ಕೊಟ್ಟ ವರವಲ್ಲ. ಮನುಷ್ಯನು ಆರಿಸಿ ಆರಿಸಿ ಪಡೆದುದು. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡುವುದು. ಅವುಗಳಿಂದ ಹೊರಬಂದ ಮರಿಗಳನ್ನು ಸಾಕಣೆಗಾರನು ಒಂದು ಬೇಸಗೆಯಲ್ಲಿಯೇ ಹಲವು ಸಲ ಸೋಸುವನು. ಬಣ್ಣ ಒಪ್ಪದವು, ಅಂಗ ಸರಿಯಿಲ್ಲದವು ಬಹುಪಾಲು ನಷ್ಟವಾಗಿ, ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು. ಆದುದರಿಂದ ಕೊಳದಂಚಿನಲ್ಲಿ ಕುಳಿತು ನೋಡುವವನ ಕಣ್ಣಿಗೆ ಹಬ್ಬವಾಗುವ ಒಂದೊಂದು ಮೀನಿನ ಹಿಂದೆಯೂ ದೊಡ್ಡದೊಂದು ಸಾಲವಿದೆ. ಹಾಗೆಂದು ಸಾಕಣೆಗಾರನ ಪ್ರೀತಿಯು ಹುಸಿಯೆಂದು ಹೇಳಲಾಗದು. ೨೦೦೪ರ ಅಕ್ಟೋಬರ್ ೨೩ರಂದು ನೀಗಾಟಾ ಬೆಟ್ಟಗಳಲ್ಲಿ ಭೂಕಂಪವಾಗಿ ಯಮಕೋಶಿ ಗ್ರಾಮದ ದಾರಿಗಳೆಲ್ಲ ಕುಸಿದುಹೋದಾಗ, ಜನರನ್ನು ಹೊರಗೆ ತಂದ ತರುವಾಯ ಅಳಿದುಳಿದ ಕೊಯಿಗಳನ್ನು ಹೆಲಿಕಾಪ್ಟರುಗಳಲ್ಲಿ ಏರಿಸಿ ಹೊರಗೆ ಸಾಗಿಸಿದರು. ಮನೆಯನ್ನು ಕಳೆದುಕೊಂಡವನು ಮೀನನ್ನು ನೆನೆದನು. ಅದರಲ್ಲಿ ಜೀವನೋಪಾಯದ ಚಿಂತೆಯೂ ಇದ್ದಿತು, ಮಮತೆಯೂ ಇದ್ದಿತು.

ಇಂಥ ಮೀನುಗಳಿಗೆ ಬಂದ ರೋಗವನ್ನು ಲೋಕವು ಮೊದಲು ಗುರುತಿಸಿದುದು ೧೯೯೮ರಲ್ಲಿ, ಇಸ್ರೇಲಿನಲ್ಲಿಯೂ ಅಮೆರಿಕದಲ್ಲಿಯೂ. ಕೊಳದ ಮೀನುಗಳು ಒಮ್ಮೆಗೇ ಮಂಕಾಗುವುವು. ನೀರು ಬಂದು ಬೀಳುವ ಕಡೆಯಲ್ಲಿ ಗುಂಪುಗೂಡಿ ಉಸಿರಿಗಾಗಿ ಬಾಯಿ ಬಿಡುವುವು. ಮೈಯ ಲೋಳೆಯು ಹೆಚ್ಚಿ ಬಳಿಕ ಅಲ್ಲಲ್ಲಿ ಒಣಗಿ ಚರ್ಮವು ಒರಟಾಗುವುದು, ಕಣ್ಣುಗಳು ಗುಳಿಬೀಳುವುವು, ಕಿವಿರುಗಳು ಬಿಳಿಚಿ ಕೊಳೆಯುವುವು. ಲಕ್ಷಣಗಳು ಕಂಡ ಒಂದೆರಡು ದಿನಗಳಲ್ಲಿಯೇ ಸಾವು. ನೂರು ಮೀನುಗಳಿದ್ದಲ್ಲಿ ಎಂಬತ್ತಕ್ಕೂ ಹೆಚ್ಚು ಸಾಯುವುದು ಅಪರೂಪವಲ್ಲ. ಅದೇ ಕೊಳದಲ್ಲಿದ್ದ ಬೇರೆ ಜಾತಿಯ ಮೀನುಗಳು ಏನೂ ಆಗದಂತೆ ಈಜಾಡಿಕೊಂಡಿರುವುವು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಹೆಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು ೨೦೦೦ದಲ್ಲಿ ಇದಕ್ಕೆ ಕಾರಣವಾದ ವೈರಾಣುವನ್ನು ವರ್ಣಿಸಿದರು. ಅದು ಹರ್ಪಿಸ್ ಎಂಬ ದೊಡ್ಡ ಬಳಗಕ್ಕೆ ಸೇರಿದುದು. ಮನುಷ್ಯರ ತುಟಿಯ ಮೇಲೆ ಜ್ವರದ ಬೊಕ್ಕೆಗಳನ್ನೆಬ್ಬಿಸುವ ವೈರಾಣುವಿಗೆ ದೂರದ ನೆಂಟನು. ಆದರೆ ಮನುಷ್ಯನಿಗೆ ಇದರಿಂದ ಕೇಡಿಲ್ಲ. ಆಮೇಲೆ ಹಳೆಯ ಮಾದರಿಗಳನ್ನು ತೆಗೆದು ನೋಡಲಾಗಿ, ೧೯೯೬ರಲ್ಲಿ ಇಂಗ್ಲೆಂಡಿನಲ್ಲಿ ಸತ್ತ ಮೀನುಗಳಲ್ಲಿಯೂ ಇದರ ಗುರುತು ದೊರೆಯಿತು.

ರೋಗವು ಹಬ್ಬಿದ ಬಗೆಯು ವಿಚಾರಮಾಡತಕ್ಕದ್ದು. ಮೀನಿಗೆ ಕಡಲನ್ನು ದಾಟಿ ಹೋಗುವ ಶಕ್ತಿಯಿಲ್ಲ. ಸಿಹಿನೀರಿನ ಗೆಂಡೆಯು ತನ್ನ ಕೊಳವನ್ನು ಬಿಟ್ಟು ಪಕ್ಕದ ಕೊಳಕ್ಕೂ ತಾನಾಗಿ ಹೋಗಲಾರದು. ಅದನ್ನು ನೀರು ತುಂಬಿದ ಚೀಲದಲ್ಲಿಟ್ಟು ಖಂಡದಿಂದ ಖಂಡಕ್ಕೆ ಒಯ್ದುದು ಮನುಷ್ಯನ ಸೌಂದರ್ಯಾಸಕ್ತಿ. ಮೀನಿನೊಡನೆ ವೈರಾಣುವೂ ಹೋಯಿತು. ೨೦೦೨ರಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಕೊಯಿಗಳಲ್ಲಿ ಕಾಣಿಸಿಕೊಂಡ ರೋಗವು ಬಡ ರೈತರು ಊಟಕ್ಕೂ ಮಾರಾಟಕ್ಕೂ ಬೆಳೆಸುವ ಸಾಮಾನ್ಯ ಗೆಂಡೆಗೆ ಹರಡಿ, ಅವರ ಬಾಳನ್ನು ಕಂಗೆಡಿಸಿತು. ೨೦೦೩ರ ಶರತ್ಕಾಲದಲ್ಲಿ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಆಹಾರಕ್ಕಾಗಿ ಸಾಕಿದ ಗೆಂಡೆಗಳು ಸಾವಿರ ಟನ್ನಿಗೂ ಮೀರಿ ಸತ್ತುವು. ಮರುವರ್ಷ ಬೀವಾ ಸರೋವರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೀನುಗಳು ಹೆಣವಾಗಿ ತೇಲಿದುವು. ೨೦೦೭ರಲ್ಲಿ ಜಪಾನು, ಅಮೆರಿಕ, ಇಸ್ರೇಲುಗಳಿಂದ ಬಂದ ಮೂರು ವೈರಾಣುಗಳ ಅನುವಂಶಲಿಪಿಯನ್ನು ಪೂರ್ತಿಯಾಗಿ ಓದಿದಾಗ, ಸುಮಾರು ಎರಡು ಲಕ್ಷ ತೊಂಬತ್ತೈದು ಸಾವಿರ ಅಕ್ಷರಗಳ ಆ ಬರಹದಲ್ಲಿ ಮೂರಕ್ಕೂ ಇರುವ ವ್ಯತ್ಯಾಸವು ಬಹು ಕಡಮೆಯೆಂದು ಗೊತ್ತಾಯಿತು. ಮೂರು ದೇಶಗಳಲ್ಲಿ ಮೂರು ಬೇರೆ ರೋಗಗಳಿರಲಿಲ್ಲ. ಈಚೆಗಷ್ಟೆ ಒಂದೇ ಮೂಲದಿಂದ ಹೊರಟ ಒಂದೇ ರೋಗವು ಮೂರು ಕಡೆಗೂ ಹೋಗಿದ್ದಿತು.

ಇನ್ನು ಮೊದಲನೆಯ ಧರ್ಮಸಂದೇಹ. ಈ ವೈರಾಣುವಿನ ಸ್ವಭಾವದಲ್ಲಿ ಒಂದು ಕಪಟವಿದೆ. ನೀರಿನ ಉಷ್ಣವು ಸುಮಾರು ೧೬ರಿಂದ ೨೮ ಡಿಗ್ರಿ ಸೆಲ್ಸಿಯಸ್‌ವರೆಗೆ ಇರುವಾಗ ಅದು ಕೊಲ್ಲುವುದು. ನೀರು ಅದಕ್ಕಿಂತ ತಣ್ಣಗಾದರೆ ಇಲ್ಲವೆ ೩೦ ಡಿಗ್ರಿಗೆ ಏರಿದರೆ ರೋಗವು ಅಡಗುವುದು. ಅಡಗುವುದೆಂದರೆ ಅಳಿಯುವುದೆಂದಲ್ಲ. ಬದುಕಿ ಉಳಿದ ಮೀನಿನ ರಕ್ತದ ಬಿಳಿಯ ಕಣಗಳಲ್ಲಿ ಅದು ಸದ್ದಿಲ್ಲದೆ ಕುಳಿತಿರಬಲ್ಲದು. ಮುಂದೆ ಎಂದೋ, ಬಳಲಿಕೆಯೋ ಉಷ್ಣದ ಮಾರ್ಪಾಟೋ ಒದಗಿದಾಗ, ಮತ್ತೆ ಎದ್ದು ನೀರಿಗೆ ಇಳಿದು ಹೊಸ ಮೀನುಗಳನ್ನು ಹಿಡಿಯುವುದು. ಬದುಕಿದ ಮೀನಾದರೋ ನೋಡುವುದಕ್ಕೆ ಆರೋಗ್ಯದ ಮೂರ್ತಿಯಂತಿರುವುದು. ಕೊಳದ ತೊಂಬತ್ತು ಮೀನುಗಳನ್ನು ಹೂಳಿ, ಉಳಿದ ಹತ್ತನ್ನು ಕಂಡು ಕಣ್ಣೊರಸಿಕೊಂಡ ಯಜಮಾನನು ಏನು ಮಾಡಬೇಕು? ಹಲವು ದೇಶಗಳ ಕಾನೂನು ಈ ರೋಗವನ್ನು ಸರಕಾರಕ್ಕೆ ತಿಳಿಸತಕ್ಕ ರೋಗವೆಂದು ಎಣಿಸಿದೆ. ಬ್ರಿಟನ್ನಿನಲ್ಲಿ ೨೦೦೭ರಿಂದ ಹಾಗಾಯಿತು. ತಿಳಿಸಿದರೆ ಕೊಳಕ್ಕೆ ನಿರ್ಬಂಧವು ಬರುವುದು; ಎಷ್ಟೋ ಕಡೆಗಳಲ್ಲಿ ಉಳಿದ ಮೀನುಗಳನ್ನೂ ಕೊಂದು ಕೊಳವನ್ನು ಶುದ್ಧಿಮಾಡಬೇಕಾಗುವುದು.

ಇಲ್ಲಿ ಮಮತೆಯು ತನ್ನ ವಾದವನ್ನು ಹೂಡುವುದು. "ಸಾವನ್ನು ಗೆದ್ದುಬಂದ ಜೀವಿಯನ್ನು ಮನುಷ್ಯನು ಕೊಲ್ಲುವುದು ಯಾವ ನ್ಯಾಯ? ಅದು ಯಾರಿಗೆ ಏನು ಅಪರಾಧ ಮಾಡಿತು? ಮುಂದೆಂದೋ ಆಗಬಹುದಾದ ಕೇಡಿಗಾಗಿ ಇಂದು ಕಣ್ಣೆದುರಿಗೆ ಆಡುತ್ತಿರುವುದನ್ನು ಹೊಸಕುವುದಕ್ಕಿಂತ, ಯಾರಿಗೂ ಹೇಳದೆ ಸುಮ್ಮನಿರುವುದೇ ಅಹಿಂಸೆಯಲ್ಲವೆ?" ಈ ವಾದವು ಹಗುರವಾದುದಲ್ಲ. ಕನ್ನಡನಾಡಿನ ಧರ್ಮಪರಂಪರೆಯಲ್ಲಿ ಹಿಂಸೆಯ ವಿಚಾರವು ಎಷ್ಟು ಸೂಕ್ಷ್ಮಕ್ಕೆ ಹೋಗಿದೆಯೆಂಬುದನ್ನು ಬಲ್ಲವರು ಇದನ್ನು ತಳ್ಳಿಹಾಕಲಾರರು. ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಗೊಟ್ಟ ಸಂಕಲ್ಪ ಒಂದೇ ಜನ್ಮಜನ್ಮಾಂತರಗಳ ದುಃಖಕ್ಕೆ ಬೀಜವಾಗುವುದು. ಕೊಂದವನಿಲ್ಲ, ಸತ್ತ ಪ್ರಾಣಿಯಿಲ್ಲ, ಆದರೂ ಹಿಂಸೆಯುಂಟು. ಏಕೆಂದರೆ ಹಿಂಸೆಯ ಮನೆಯು ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ.

ಆದರೆ ಇದೇ ತತ್ತ್ವವನ್ನು ತಿರುಗಿಸಿ ನೋಡಿದರೆ ಮಮತೆಯ ವಾದವು ನಿಲ್ಲದು. ಮನಸ್ಸಿನ ಸಂಕಲ್ಪವೇ ಹಿಂಸೆಯ ಅಳತೆಗೋಲಾದರೆ, ಮುಂದಾಗುವ ಸಾವನ್ನು ತಿಳಿದೂ ಮುಚ್ಚಿಡುವವನ ಸಂಕಲ್ಪವೇನು? ಅವನು ತನ್ನ ಹತ್ತು ಮೀನುಗಳಲ್ಲಿ ಎರಡನ್ನು ಮಿತ್ರನಿಗೆ ಉಡುಗೊರೆಯಾಗಿ ಕೊಡುವನು, ಒಂದನ್ನು ಪ್ರದರ್ಶನಕ್ಕೆ ಒಯ್ಯುವನು, ಮತ್ತೆರಡನ್ನು ಮಾರುವನು. ಮಿತ್ರನ ಕೊಳದಲ್ಲಿ ಸಾಯುವ ಮೀನುಗಳನ್ನು ಅವನು ಕಣ್ಣಾರೆ ಕಾಣುವುದಿಲ್ಲ, ಅವು ಅವನವಲ್ಲ. ತನ್ನದನ್ನು ಉಳಿಸಿಕೊಳ್ಳುವುದಕ್ಕಾಗಿ ಪರರದನ್ನು ಸಾವಿಗೆ ಒಪ್ಪಿಸಿದ ಆ ಮೌನಕ್ಕೆ ಅಹಿಂಸೆಯೆಂಬ ಹೆಸರು ಸಲ್ಲದು. ಮಮತೆಯು ದಯೆಯ ಉಡುಪನ್ನು ತೊಟ್ಟು ಮಾತನಾಡುವ ಸ್ಥಳವಿದು. ಅದು "ಜೀವಿಯನ್ನು ಕೊಲ್ಲಬಾರದು" ಎಂದು ಹೇಳುವಾಗ ಅದರ ಅಂತರಂಗದ ಮಾತು "ನನ್ನ ಜೀವಿಯನ್ನು ಕೊಲ್ಲಬಾರದು" ಎಂಬುದು.

ಹಾಗಾದರೆ ಬದುಕಿ ಉಳಿದುದನ್ನೆಲ್ಲ ಕೊಲ್ಲುವುದೇ ಧರ್ಮವೋ? ಹಾಗೆ ಸಾರಾಸಗಟಾಗಿ ಹೇಳುವುದೂ ಸರಿಯಲ್ಲ. ನೂರಾರು ಕೊಳಗಳಿಗೆ ಮೀನನ್ನು ಒದಗಿಸುವ ಸಾಕಣೆಗಾರನ ಸ್ಥಿತಿಯು ಒಂದು ಬಗೆ; ಮನೆಯ ಹಿತ್ತಿಲಿನ, ಹೊರಗೆ ನೀರು ಹರಿಯದ ಒಂದೇ ಕೊಳದ ಯಜಮಾನನ ಸ್ಥಿತಿಯು ಇನ್ನೊಂದು ಬಗೆ. ಎರಡನೆಯವನು, ಕಾನೂನು ಅವಕಾಶ ಕೊಟ್ಟಲ್ಲಿ, ತನ್ನ ಮೀನುಗಳನ್ನು ಅವುಗಳ ಆಯುಸ್ಸು ಮುಗಿಯುವವರೆಗೂ ಸಾಕಬಹುದು. ಆದರೆ ಅವುಗಳಲ್ಲಿ ಒಂದನ್ನಾದರೂ ಕೊಡಲಾಗದು, ಮಾರಲಾಗದು. ಹೊಸದನ್ನು ತಂದು ಅಲ್ಲಿ ಬಿಡಲಾಗದು. ಬಲೆ ಬೋಗುಣಿಗಳನ್ನೂ ಬೇರೆಯ ಕೊಳಕ್ಕೆ ಒಯ್ಯಲಾಗದು. ಕೊಯಿಯು ಹಲವು ದಶಕ ಬದುಕುವ ಮೀನಾದುದರಿಂದ ಇದು ಸಣ್ಣ ವ್ರತವಲ್ಲ. ಪ್ರದರ್ಶನದ ಕೀರ್ತಿ, ಮಿತ್ರರೊಡನೆ ಕೊಡುಕೊಳೆಯ ಸಂತೋಷ, ಹೊಸ ಬಣ್ಣದ ಆಸೆ ಎಲ್ಲವನ್ನೂ ತೊರೆದು, ಹಳೆಯ ಹತ್ತು ಮೀನುಗಳೊಡನೆ ಮುಪ್ಪಾಗಬೇಕು. ಯಾರು ಈ ಬೆಲೆಯನ್ನು ತೆರಲು ಸಿದ್ಧರೋ ಅವರ ಪ್ರೀತಿಯನ್ನು ಸಂದೇಹಿಸಲು ಕಾರಣವಿಲ್ಲ. ಬೆಲೆಯನ್ನು ತೆರಲೊಲ್ಲದೆ ಮೀನನ್ನೂ ಉಳಿಸಿಕೊಂಡು ಹೆಸರನ್ನೂ ಉಳಿಸಿಕೊಳ್ಳಬಯಸುವವನ ಮಾತಿಗೆ ಮಾತ್ರ ಬೆಲೆಯಿಲ್ಲ.

ಎರಡನೆಯ ಸಂದೇಹವು ಸಂಶೋಧನೆಯದು. ಅಲಂಕಾರದ ಮೀನಿನ ರೋಗವನ್ನು ಕುರಿತು ವಿದ್ವಾಂಸರು ವರ್ಷಗಟ್ಟಲೆ ದುಡಿಯುವುದಕ್ಕೂ, ಅದಕ್ಕಾಗಿ ಜನರು ಹಣ ಕೊಡುವುದಕ್ಕೂ ಅರ್ಥವುಂಟೇ ಎಂದು ಕೇಳುವವರುಂಟು. ಅಮೆರಿಕದ ಕೊಯಿ ಸಂಘಗಳವರು ಈ ರೋಗದ ಸಂಶೋಧನೆಗೆಂದು ತಮ್ಮೊಳಗೆ ವಂತಿಗೆಯೆತ್ತಿದರು. ಮಕ್ಕಳಿಗೆ ಹಾಲಿಲ್ಲದ ಲೋಕದಲ್ಲಿ ಸಿರಿವಂತರ ಕೊಳದ ಮೀನಿಗೆ ವೈದ್ಯವೇ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಇದಕ್ಕೆ ಸುಲಭವಾದ ಒಂದು ಉತ್ತರವಿದೆ: ಕೊಯಿಯೂ ಆಹಾರದ ಗೆಂಡೆಯೂ ಒಂದೇ ಕುಲದವು; ಒಂದರ ರೋಗವೇ ಮತ್ತೊಂದರ ರೋಗ; ಏಷ್ಯಾ ಯೂರೋಪುಗಳಲ್ಲಿ ಗೆಂಡೆಯನ್ನು ನೆಚ್ಚಿ ಬಾಳುವ ಬಡವರು ಅಸಂಖ್ಯಾತರು; ಆದುದರಿಂದ ಸಿರಿವಂತನ ಕಾಸು ಬಡವನ ಹೊಂಡಕ್ಕೂ ಕಾವಲಾಗುವುದು. ಇದು ನಿಜವೇ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಮೋಶೆ ಕೋಟ್ಲರ್ ಮತ್ತು ಅವರ ಸಂಗಡಿಗರು ವೈರಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಬೆಳೆಸಿ ಅದರ ಹಲ್ಲನ್ನು ಮುರಿದು, ೨೦೦೩ರಲ್ಲಿ ಅದರಿಂದ ಲಸಿಕೆಯ ದಾರಿಯನ್ನು ತೋರಿಸಿದುದು ಮುಖ್ಯವಾಗಿ ಇಸ್ರೇಲಿನ ಆಹಾರದ ಗೆಂಡೆಯನ್ನು ಉಳಿಸುವುದಕ್ಕೆ. ಕೊಯಿಗೂ ಅದರ ಪ್ರಯೋಜನವಾಯಿತು.

ಆದರೆ ಉಪಯೋಗದ ಲೆಕ್ಕವೊಂದನ್ನೇ ಹಿಡಿದರೆ ಸಂಶೋಧನೆಗೆ ಕೊಟ್ಟ ದಾನದ ಒಳಗುಟ್ಟು ತಿಳಿಯದು. ಮೀನು ಸತ್ತ ಮೇಲೆ ಹಣ ಕೊಟ್ಟವನಿಗೆ ಮೀನು ಮರಳಿ ಬಾರದು. ಇಂದು ತೊಡಗಿದ ಪರೀಕ್ಷೆಯ ಫಲವು ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ, ಹೆಸರೇ ಅರಿಯದ ಯಾವನೋ ಒಬ್ಬನ ಕೊಳಕ್ಕೆ ಸಲ್ಲುವುದು. ಕೊಡುವವನಿಗೆ ಇದು ಗೊತ್ತಿದೆ. ಆದರೂ ಕೊಡುವನು. ಮಮತೆಯ ವಸ್ತುವು ಹೋದ ಮೇಲೆ ಮಮತೆಗೆ ಎರಡೇ ಗತಿ: ಅದು ಅಳುವಾಗಿ ಒಣಗಬಹುದು, ಇಲ್ಲವೆ 'ನನ್ನದು' ಎಂಬುದನ್ನು ಕಳೆದುಕೊಂಡು ದಯೆಯಾಗಬಹುದು. ತನ್ನ ನಷ್ಟವು ಇನ್ನೊಬ್ಬನಿಗೆ ಆಗದಿರಲೆಂದು ತಿಳಿವಿಗೆ ಕಾಸು ಕೊಡುವುದು ಈ ಮಾರ್ಪಾಟಿನ ಗುರುತು. ಇಷ್ಟು ಚಿಕ್ಕ ವಿಷಯದಲ್ಲಿ ಇಷ್ಟು ದೊಡ್ಡ ಮಾರ್ಪಾಟು ಆಗುವುದಾದರೆ, ಹಾಲಿಲ್ಲದ ಮಗುವಿಗೂ ಅದರಿಂದ ನಷ್ಟವಿಲ್ಲ. ದಯೆಯು ಒಂದೆಡೆ ಕಲಿತುದನ್ನು ಇನ್ನೊಂದೆಡೆ ಮರೆಯುವ ಗುಣವಲ್ಲ.

ತಿಳಿವನ್ನು ಪಡೆಯುವ ದಾರಿಯೂ ನಿಷ್ಕಳಂಕವಲ್ಲವೆಂಬುದನ್ನು ಇಲ್ಲಿ ಒಪ್ಪಬೇಕು. ಬೆಲ್ಜಿಯಮ್ ದೇಶದ ಲಿಯೇಜ್ ವಿಶ್ವವಿದ್ಯಾನಿಲಯದ ಪಂಡಿತರು, ಬೆಳಕನ್ನು ಹೊರಸೂಸುವಂತೆ ಮಾರ್ಪಡಿಸಿದ ವೈರಾಣುವನ್ನು ಬಳಸಿ, ಅದು ಮೀನಿನ ಮೈಗೆ ಮುಖ್ಯವಾಗಿ ಚರ್ಮದ ಮೂಲಕವೇ ಹೊಗುವುದೆಂದು ೨೦೦೯ರಲ್ಲಿ ತೋರಿಸಿದರು. ಅದಕ್ಕೆ ಮುಂಚೆ ಕಿವಿರೇ ಬಾಗಿಲೆಂಬ ಭಾವನೆಯಿದ್ದಿತು. ೨೦೧೭ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯು ಇನ್ನೂ ಸೋಜಿಗದ್ದು. ಮೀನು ಶೀತರಕ್ತದ ಪ್ರಾಣಿ; ಮನುಷ್ಯನಂತೆ ಅದರ ಮೈಯು ತಾನಾಗಿ ಕಾಯಲಾರದು. ಆದರೆ ೨೪, ೨೮, ೩೨ ಡಿಗ್ರಿ ಉಷ್ಣದ ಮೂರು ಕೋಣೆಗಳ ತೊಟ್ಟಿಯಲ್ಲಿ ಬಿಟ್ಟಾಗ, ರೋಗ ತಗುಲಿದ ಗೆಂಡೆಗಳು ತಾವಾಗಿ ಬಿಸಿಯ ಕೋಣೆಗೆ ಹೋಗಿ ಸೇರಿದುವು. ಜ್ವರವನ್ನು ಒಳಗೆ ಹುಟ್ಟಿಸಿಕೊಳ್ಳಲಾರದ ಪ್ರಾಣಿಯು ಹೊರಗಿನ ಬಿಸಿಯನ್ನು ಹುಡುಕಿಕೊಂಡು ಹೋಗಿ ಜ್ವರದ ಫಲವನ್ನು ಪಡೆಯಿತು. ಹಾಗೆ ಹೋಗಲು ಎಡೆಯಿದ್ದವು ಬದುಕಿದುವು. ವೈರಾಣುವಾದರೋ ಅದಕ್ಕೂ ಒಂದು ಹೂಟವನ್ನು ಹೂಡಿದ್ದಿತು. ಜ್ವರದ ಕರೆಯನ್ನು ಸಾರುವ ರಾಸಾಯನಿಕ ದೂತನನ್ನು ದಾರಿಯಲ್ಲಿಯೇ ಹಿಡಿದು ಕಟ್ಟಿಹಾಕುವ ವಸ್ತುವನ್ನು ಅದು ತಯಾರಿಸಿ, ಮೀನು ಬಿಸಿಗೆ ಹೋಗುವುದನ್ನು ತಡಮಾಡುತ್ತಿದ್ದಿತು.

ಈ ಅರಿವಿಗೆ ಮೀನುಗಳೇ ಬೆಲೆ ತೆತ್ತುವು. ತಣ್ಣನೆಯ ತೊಟ್ಟಿಯಲ್ಲಿ ಇರಿಸಿದವು ಸತ್ತುವು. ಅವು ಸಾಯುವುವೆಂಬುದು ಮೊದಲೇ ತಿಳಿದಿದ್ದಿತು. ಕೊಯಿಯನ್ನು ಉಳಿಸಬೇಕೆಂದು ಹಣ ಕೊಟ್ಟವನು, ಉಳಿಸುವುದನ್ನು ಕಲಿಯಲು ಕೆಲವನ್ನು ಕೊಲ್ಲುವರೆಂಬುದನ್ನು ತಿಳಿದೇ ಕೊಡಬೇಕು. ಇದನ್ನು ಮರೆಮಾಚಿ ಸಂಶೋಧನೆಯನ್ನು ಹೊಗಳುವುದು, ರೋಗವನ್ನು ಮರೆಮಾಚಿ ಮೀನನ್ನು ಮಾರುವುದಕ್ಕೆ ಸಮಾನ. ಸಮಾಧಾನವಿರುವುದು ಇಷ್ಟರಲ್ಲಿ: ಪರೀಕ್ಷೆಯಲ್ಲಿ ಸತ್ತ ಮೀನಿನ ಲೆಕ್ಕವನ್ನು ಬರೆದಿಡುವರು, ಅದು ಏತಕ್ಕೆ ಸತ್ತಿತೆಂದು ಹೇಳುವರು, ಅನಾವಶ್ಯಕವಾಗಿ ಸಾಯದಂತೆ ನಿಯಮಗಳಿವೆ. ಮುಚ್ಚಿಟ್ಟ ರೋಗದಿಂದ ಸತ್ತ ಮೀನಿಗೆ ಲೆಕ್ಕವೂ ಇಲ್ಲ, ಕಾರಣವೂ ಇಲ್ಲ. ಹೀಗಾದರೂ ಸಂಶೋಧಕನ ಕೈ ಶುದ್ಧವೆಂದು ಹೇಳಲಾಗದು. ಕೈಗೆ ಅಂಟಿದುದನ್ನು ಅವನು ಕಾಣಬಲ್ಲನೆಂದು ಮಾತ್ರ ಹೇಳಬಹುದು.

ಮೂರನೆಯ ಸಂದೇಹವು ಎಲ್ಲಕ್ಕಿಂತ ಕಠಿನವಾದುದು. ಮನುಷ್ಯನು ತಂದುಬಿಟ್ಟ ಸಾಮಾನ್ಯ ಗೆಂಡೆಯು ಆಸ್ಟ್ರೇಲಿಯಾದ ನದಿಗಳಲ್ಲಿ ೧೯೬೦ರ ದಶಕದಿಂದ ವಿಪರೀತವಾಗಿ ಹಬ್ಬಿತು. ಅದು ತಳದ ಕೆಸರನ್ನು ಕೆದಕಿ ನೀರನ್ನು ಕದಡುವುದು. ಮರ್ರೆ ಡಾರ್ಲಿಂಗ್ ನದಿಗಳ ಸೀಮೆಯ ಕೆಲವು ಕಡೆಗಳಲ್ಲಿ ನೀರಿನಲ್ಲಿರುವ ಮೀನಿನ ತೂಕದ ಬಹುಭಾಗವು ಇದೊಂದೇ ಆಗಿ, ಆ ನಾಡಿನ ಸ್ವಂತ ಮೀನುಗಳಿಗೆ ನೆಲೆಯಿಲ್ಲದಂತಾಯಿತು. ಈ ಗೆಂಡೆಯನ್ನು ಅಳಿಸಲು, ಕೊಯಿಗಳನ್ನು ಕೊಂದ ಅದೇ ವೈರಾಣುವನ್ನು ನದಿಗಳಿಗೆ ಬಿಡಬಹುದೇ ಎಂಬುದನ್ನು ಪರೀಕ್ಷಿಸಲು ಅಲ್ಲಿಯ ಸರಕಾರವು ೨೦೧೬ರಲ್ಲಿ ಒಂದೂವರೆ ಕೋಟಿ ಡಾಲರುಗಳನ್ನು ಒದಗಿಸಿತು. ಆ ಸಂಶೋಧನೆಯಿಂದ ಸಿದ್ಧವಾದ ಯೋಜನೆಯು ೨೦೨೨ರಲ್ಲಿ ಪ್ರಕಟವಾಯಿತು. ವೈರಾಣುವು ಬೇರೆ ಮೀನುಗಳನ್ನು ಹಿಡಿಯುವುದೇ, ಸತ್ತ ಮೀನು ರಾಶಿರಾಶಿಯಾಗಿ ಕೊಳೆತರೆ ನೀರಿನ ಗತಿಯೇನು, ಬದುಕಿದ ಗೆಂಡೆಗಳ ಸಂತತಿಯು ರೋಗಕ್ಕೆ ಬಗ್ಗದೆ ಮತ್ತೆ ಹೆಚ್ಚುವುದೇ, ಒಮ್ಮೆ ಬಿಟ್ಟುದನ್ನು ಮರಳಿ ಹಿಡಿಯಲಾಗುವುದೇ ಎಂಬ ಪ್ರಶ್ನೆಗಳು ಅಲ್ಲಿ ಚರ್ಚೆಗೆ ಬಂದುವು. ಒಂದು ದೇಶದವರು ಕಣ್ಣೀರಿಟ್ಟು ಓಡಿಸಬಯಸಿದ ಮಾರಿಯನ್ನು ಇನ್ನೊಂದು ದೇಶದವರು ಆಯುಧವಾಗಿ ಕರೆಯುವ ಕಾಲ ಬಂದಿತು.

ಕೊಯಿಯನ್ನು ಉಳಿಸಲು ಬೆಳೆದ ಅರಿವು ಗೆಂಡೆಯನ್ನು ಕೊಲ್ಲುವ ಅರಿವೂ ಆಗುವುದಾದರೆ, ಅದನ್ನು ಬೆಳೆಸಿದವನು ಹೊಣೆಗಾರನೇ? ಅರಿವಿಗೆ ಒಡೆಯನಿಲ್ಲ. ವೈರಾಣುವು ಯಾವ ಉಷ್ಣದಲ್ಲಿ ಕೊಲ್ಲುವುದೆಂದು ತಿಳಿದ ಮೇಲೆ, ಒಬ್ಬನು ಆ ಉಷ್ಣವನ್ನು ತಪ್ಪಿಸುವನು, ಇನ್ನೊಬ್ಬನು ಆ ಉಷ್ಣವನ್ನು ಕಾಯುವನು. ಅದನ್ನು ತಡೆಯಬೇಕೆಂದು ಅರಿವನ್ನೇ ತಡೆದರೆ, ರೋಗಕ್ಕೆ ಮಾತ್ರ ಸುಖ. ಇನ್ನು ಆಸ್ಟ್ರೇಲಿಯಾದವರ ಉದ್ದೇಶವೂ ಕ್ರೌರ್ಯವೆಂದು ಹೇಳಲಾಗದು. ಬಾಯಿಲ್ಲದ ಸ್ವದೇಶದ ಮೀನುಗಳ ಪರವಾಗಿ ಅವರು ಮಾತನಾಡುತ್ತಿರುವರು. ಅಲ್ಲಿಯೂ ದಯೆಯುಂಟು, ಆದರೆ ಅದು ಬೇರೊಂದು ಪ್ರಾಣಿಯ ಕಡೆಗೆ ತಿರುಗಿದೆ. ಇಲ್ಲಿ ತೂಗಿನೋಡಬೇಕಾದುದು ಒಂದೇ ಮಾತು. ಕೊಳದ ಯಜಮಾನನು ರೋಗವನ್ನು ಮುಚ್ಚಿಟ್ಟಾಗ ತಾನು ಕಾಣದ ಕೊಳಗಳ ಲೆಕ್ಕವನ್ನು ಬಿಟ್ಟನಷ್ಟೆ. ನದಿಗೆ ವೈರಾಣುವನ್ನು ಬಿಡಹೊರಟವನೂ ತಾನು ಕಾಣದ ನದಿಗಳ, ಕಾಣದ ದೇಶಗಳ, ಕಾಣದ ವರ್ಷಗಳ ಲೆಕ್ಕವನ್ನು ಬಿಡುತ್ತಿರುವನೇ? ಆ ಲೆಕ್ಕವನ್ನು ಎಲ್ಲರ ಮುಂದಿಟ್ಟು ಆರು ವರ್ಷ ವಿಚಾರಮಾಡಿದುದಾದರೂ ಮೆಚ್ಚತಕ್ಕದ್ದು. ಬಿಟ್ಟ ಬಾಣವನ್ನು ತಿರುಗಿ ಕರೆಯಲಾಗದ ಕಡೆಯಲ್ಲಿ ತಡಮಾಡುವುದು ಅಂಜುಬುರುಕತನವೆನಿಸದು.

ಈ ವಿಚಾರವೆಲ್ಲ ದೂರದೇಶಗಳದೆಂದು ಕನ್ನಡನಾಡಿನ ವಾಚಕರು ತಿಳಿಯುವಂತಿಲ್ಲ. ಗೆಂಡೆಯು ಭಾರತದ ಮೂಲದ ಮೀನಲ್ಲ. ೧೯೩೯ರಲ್ಲಿ ಸಿಂಹಳದಿಂದ ನೀಲಗಿರಿಗೆ ಒಂದು ತಳಿಯೂ, ೧೯೫೭ರಲ್ಲಿ ಬ್ಯಾಂಕಾಕಿನಿಂದ ಮತ್ತೊಂದು ತಳಿಯೂ ಬಂದುವು. ಈಗ ಕರ್ನಾಟಕದ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್‌ಗಳೊಡನೆ ಸಾಮಾನ್ಯ ಗೆಂಡೆಯ ಮರಿಗಳನ್ನೂ ಬಿಡುವುದು ವಾಡಿಕೆ. ಸಂತೆಯಲ್ಲಿ ಅದನ್ನು ಕೊಳ್ಳುವವನು ಬಡವನು. ನಗರಗಳ ಅಂಗಡಿಗಳ ಗಾಜಿನ ತೊಟ್ಟಿಗಳಲ್ಲಿ ಕೊಯಿಯೂ ದೊರೆಯುವುದು. ಒಂದು ಕುಲದ ಈ ಎರಡು ಮೀನುಗಳ ನಡುವೆ ಇರುವ ಅಂತರವು ಒಂದು ಬಕೀಟು ನೀರಿನಷ್ಟು. ಸಾಕಲು ಬೇಸರವಾದ ಕೊಯಿಯನ್ನು ಪುಣ್ಯಕ್ಕೆಂದು ಕೆರೆಗೆ ಬಿಟ್ಟುಬರುವವನ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಆದರೆ ಈ ನಾಡಿನ ಕೆರೆಗಳು ಒಂಟಿಯಾಗಿರುವುದಿಲ್ಲ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಹಿರಿಯರು ಅವನ್ನು ಸರಣಿಯಾಗಿ ಕಟ್ಟಿದರು. ಮೇಲಿನ ಕೆರೆಯಲ್ಲಿ ಬಿಟ್ಟುದು ಕೆಳಗಿನ ಕೆರೆಗೂ ಸಂದಾಯವಾಗುವುದು.

ಆದುದರಿಂದ ಹೊಸ ಮೀನನ್ನು ತಂದವನು ಅದನ್ನು ರೋಗವು ಹೊರಬೀಳತಕ್ಕ ಉಷ್ಣದ ನೀರಿನಲ್ಲಿ ಹಲವು ವಾರ ಬೇರೆಯಾಗಿ ಇಟ್ಟು ನೋಡುವುದು, ಸಾವು ಕಂಡೊಡನೆ ಬಲ್ಲವರಿಗೆ ತಿಳಿಸುವುದು, ಸಾಕಿದುದನ್ನು ಕೆರೆಗೆ ಬಿಡದಿರುವುದು, ಶಕ್ತಿಯಿದ್ದವರು ಮೀನಿನ ರೋಗಗಳನ್ನು ಶೋಧಿಸುವ ಶಾಲೆಗಳಿಗೆ ನೆರವಾಗುವುದು, ಇವೆಲ್ಲ ಸಾಕಣೆಯ ಕಟ್ಟಳೆಗಳಂತೆ ತೋರಿದರೂ ಧರ್ಮದ ಮಾತುಗಳೇ. ಇವುಗಳಲ್ಲಿ ಒಂದೊಂದೂ ಕಾಣದ ಕೊಳವನ್ನು ಕಂಡಂತೆ ಎಣಿಸುವ ಅಭ್ಯಾಸ. ಮಮತೆಯನ್ನು ಕಿತ್ತುಹಾಕಬೇಕೆಂದು ಉಪದೇಶಿಸುವ ವಿರಕ್ತರು ಒಂದು ದಾರಿಯನ್ನು ತೋರಿಸುವರು. ಅದು ಕೆಲವರಿಗೆ ಸಾಧ್ಯ. ಸಂಸಾರಿಗೆ ಅಷ್ಟು ಬೇಡ. ಒಂದು ಮೀನನ್ನು ತನ್ನದೆಂದು ಪ್ರೀತಿಸದವನಿಗೆ ಮೀನಿನ ಸಾವು ಏನೆಂಬುದೇ ತಿಳಿಯಲಾರದು. ಮಮತೆಯು ಕಣ್ಣು ತೆರೆಯಿಸುವುದು. ತೆರೆದ ಕಣ್ಣು ತನ್ನ ಕೊಳದ ದಂಡೆಯಿಂದಾಚೆಗೂ ನೋಡಬೇಕು. ಹಾಗೆ ನೋಡಲು ಕಲಿತವನು ಸಾಕಿದ ಮೀನಿಗೆ ತನ್ನ ಸಾಲವನ್ನು ತೀರಿಸತೊಡಗಿದನೆಂದು ಹೇಳಬಹುದು.